ಇದ್ದಿಲು ಬಸ್ಸಿಗೆ ತಿದಿ ಕಟ್ಟಿದ್ದು

ಮೊನ್ನೆ ಹಿರಿಯೂರಿನ ಹೈವೇ ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಒಬ್ಬ ನನ್ನನ್ನು ಹುಡುಕಿಕೊಂಡು ಬಂದಿದ್ದ. ಕೂರುವ ಮೊದಲೇ ಪ್ರಶ್ನೆ. “ಮಿಸ್ತ್ರಿಗಳೇ, ನಮ್ ಗಿರಾಕಿ ಒಬ್ರಿಗೆ ಕಾರು ಇನ್ನೂ ಜೋರಾಗಿ ಎಳೀಬೇಕಂತೆ. ಸೂಪರ್‌ಚಾರ್ಜರ್ ಹಾಕಾಣ, ಟರ್ಬೋ ಹಾಕಾಣ? ಒಂದೇ ಮಾತ್ನಾಗೆ ಹೇಳ್ಬಿಡ್ರಿ.” ಒಂದೇ ಮಾತಿನಲ್ಲಿ ಮುಗಿಯುವ ಸಂಗತಿಯಾಗಿದ್ದರೆ ನಾನು ನಲವತ್ತು ವರ್ಷ ಇಂಜಿನ್ನಿನ ಕೆಳಗೆ ಮಲಗಬೇಕಾಗಿರಲಿಲ್ಲ. ಚಹಾ ಕೊಟ್ಟು ಕಥೆ ಶುರುಮಾಡಿದೆ. ಅವನು ಚಹಾ ಕುಡಿದು, ಕಥೆಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದ. ಆ ಉಳಿದರ್ಧಕ್ಕಾಗಿ ಈ ಬರಹ.

ಎರಡೂ ಮಾಡುವ ಕೆಲಸ ಒಂದೇ. ಇಂಜಿನ್ನು ತಾನಾಗಿ ಎಷ್ಟು ಗಾಳಿ ಎಳೆದುಕೊಳ್ಳುತ್ತದೋ ಅದಕ್ಕಿಂತ ಹೆಚ್ಚು ಗಾಳಿಯನ್ನು ಅದರೊಳಗೆ ತುರುಕುವುದು. ಸೂಪರ್‌ಚಾರ್ಜರನ್ನು ಇಂಜಿನ್ನೇ ಬೆಲ್ಟಿನ ಮೂಲಕ ತಿರುಗಿಸುತ್ತದೆ. ಕಾಲು ಒತ್ತಿದ ಕ್ಷಣವೇ ಬಲ ಸಿಗುತ್ತದೆ, ಆದರೆ ಆ ಬಲದಲ್ಲಿ ಒಂದು ಪಾಲನ್ನು ಬೆಲ್ಟು ತಿನ್ನುತ್ತದೆ. ಟರ್ಬೋವನ್ನು ತಿರುಗಿಸುವುದು ನಾವು ಹೊರಗೆ ಬಿಸಾಡುವ ಹೊಗೆ. ಬಿಟ್ಟಿ ದುಡಿಮೆ, ಆದರೆ ಹೊಗೆಗೆ ರಭಸ ಬರುವ ತನಕ ಕಾಯಬೇಕು, ಮತ್ತು ಕಾವು ಅದರ ಶತ್ರು. ಇಷ್ಟನ್ನು ಪುಸ್ತಕವೂ ಹೇಳುತ್ತದೆ. ಇವೆರಡರಲ್ಲಿ ಒಂದನ್ನು ಕೂರಿಸುವಾಗ ನಾನು ಮಾಡಿದ ತಪ್ಪಿನಿಂದ ಒಬ್ಬ ಮುದುಕನ ಉಸಿರು ನಿಲ್ಲುವುದರಲ್ಲಿತ್ತು. ಅದು ಯಾವ ಪುಸ್ತಕದಲ್ಲೂ ಇಲ್ಲವಾದ್ದರಿಂದ ನಾನೇ ಬರೆಯಬೇಕಾಗಿದೆ.

ಆಗ ದೊಡ್ಡ ಯುದ್ಧ ನಡೆಯುತ್ತಿತ್ತು. ನಮ್ಮದಿನ್ನೂ ಮಹಾರಾಜರ ಸೀಮೆ. ಪೆಟ್ರೋಲು ಕೂಪನ್ನಿಗೆ ಬಿದ್ದು, ಕೊನೆಗೆ ಕೂಪನ್ನಿಗೂ ಸಿಗದಂತಾಗಿ, ಬಸ್ಸುಗಳೆಲ್ಲ ಇದ್ದಿಲಿಗೆ ಇಳಿದವು. ಹಿರಿಯೂರಿನ ತೆಂಗಿನಕಾಯಿ ಮಂಡಿಯ ಸಾಹುಕಾರರೊಬ್ಬರ ಬಸ್ಸು ಮಾರಿಕಣಿವೆ ಮೇಲೆ ಹಾಯ್ದು ಹೊಸದುರ್ಗಕ್ಕೆ ಹೋಗಿಬರುತ್ತಿತ್ತು. ನಾನು ಅದರ ಮಿಸ್ತ್ರಿ. ಹುಟ್ಟಿದ್ದು ಕಮ್ಮಾರರ ಮನೆಯಲ್ಲಿ, ಹೆಸರು ರುದ್ರಾಚಾರಿ. ನಡೆಯಲು ಕಲಿಯುವ ಮೊದಲೇ ಅಪ್ಪನ ಕುಲುಮೆಯ ತಿದಿ ಒತ್ತಿದವನು.

ಬಸ್ಸಿನ ಹಿಂಭಾಗಕ್ಕೆ ಆಳೆತ್ತರದ ಒಂದು ಡ್ರಮ್ಮು. ಅದರೊಳಗೆ ಇದ್ದಿಲು ಕೆಂಡವಾಗಿ ಉರಿಯಬೇಕು. ಇಂಜಿನ್ನು ಎಳೆದಾಗ ಗಾಳಿ ಆ ಕೆಂಡದ ನಡುವೆ ಹಾಯ್ದು ಗ್ಯಾಸಾಗಿ, ಕೊಳವೆಗಳಲ್ಲಿ ತಣ್ಣಗಾಗಿ, ಶೋಧಕದಲ್ಲಿ ಬೂದಿ ಕಳೆದುಕೊಂಡು ಮುಂದಕ್ಕೆ ಬರಬೇಕು. ಬೆಳಿಗ್ಗೆ ಡ್ರಮ್ಮು ಹೊತ್ತಿಸಿ ಕೈಚಕ್ರ ತಿರುಗಿಸಿ ಗ್ಯಾಸು ಬರಿಸುವಷ್ಟರಲ್ಲಿ ಪ್ರಯಾಣಿಕರು ಬುತ್ತಿ ಬಿಚ್ಚಿ ತಿಂದು ಕೈ ತೊಳೆದಿರುತ್ತಿದ್ದರು. ಹೊರಟ ಮೇಲಾದರೂ ಸುಖವಿತ್ತೇ? ಇದ್ದಿಲ ಗ್ಯಾಸಿನಲ್ಲಿ ಪೆಟ್ರೋಲಿನ ಅರ್ಧ ಕಸುವೂ ಇಲ್ಲ. ಮಾರಿಕಣಿವೆಯ ಏರುದಾರಿಗೆ ಬಂದರೆ ಬಸ್ಸು ದಮ್ಮಿನ ರೋಗಿಯ ಹಾಗೆ ನಿಂತುಬಿಡುತ್ತಿತ್ತು. ಡ್ರೈವರ್ ಬುಡೇನ್‌ಸಾಬ್ ತಿರುಗಿ ನೋಡಿ, “ಇಳೀರಪ್ಪಾ, ಇಳೀರಿ, ನಿಮ್ ಬಸ್ಸು ನೀವೇ ತಳ್ಕಳ್ರಿ” ಎನ್ನುತ್ತಿದ್ದ. “ಟಿಕೀಟು ತಗಂಡಿದ್ದು ಕುಂದ್ರಾಕಾ, ತಳ್ಳಾಕಾ?” ಎಂದು ಬೈಯುತ್ತಲೇ ಜನ ತಳ್ಳುತ್ತಿದ್ದರು.

ನನ್ನ ಮೊದಲ ಪ್ರಮಾದ ಆ ದಿನಗಳದ್ದೇ. ಒಮ್ಮೆ ದಾರಿಯಲ್ಲಿ ಇದ್ದಿಲು ಮುಗಿಯಿತು. ನಮ್ಮೂರಲ್ಲಿ ತೆಂಗಿನ ಕರಟಕ್ಕೇನು ಬರ, ಅದೂ ಉರಿಯುತ್ತದಲ್ಲ ಎಂದು ಬುಟ್ಟಿಗಟ್ಟಲೆ ಹಸಿ ಕರಟ ಸುರಿದೆ. ಸುಟ್ಟ ಕರಟದ ಇದ್ದಿಲಾದರೆ ಬಂಗಾರ, ಸುಡದ ಕರಟ ಮಾತ್ರ ಶನಿ. ಕರಟದ ಎಣ್ಣೆಯೆಲ್ಲ ಟಾರಾಗಿ ಇಂಜಿನ್ನಿನ ವಾಲ್ವುಗಳನ್ನು ಅಂಟಿನ ಹಾಗೆ ಹಿಡಿದುಕೊಂಡಿತು. ಮೂರು ದಿನ ಕೂತು ಕೆರೆದೆ. ಬೆವರಿನಲ್ಲೂ ಅದರ ವಾಸನೆ ಬರುತ್ತಿತ್ತು.

ನಮ್ಮ ಮೇಲೆ ಶ್ರೀಕಂಠಯ್ಯನವರಿದ್ದರು. ಬೆಂಗಳೂರಿನಲ್ಲಿ ಯಂತ್ರವಿದ್ಯೆ ಕಲಿತು, ಸಾಹುಕಾರರ ಬಸ್ಸು ಮತ್ತು ಹಿಟ್ಟಿನ ಗಿರಣಿ ಎರಡನ್ನೂ ನೋಡಿಕೊಳ್ಳಲು ಬಂದವರು. ಕರಿ ಕೋಟು, ಕಿವಿಯ ಮೇಲೊಂದು ಪೆನ್ಸಿಲು. ಬೈಯಲು ಬರುತ್ತಿರಲಿಲ್ಲ. ಕೆಲಸ ಕೆಟ್ಟರೆ, “ಇದನ್ನ ಇನ್ನೊಂದ್ಸಲ ಯೋಚನೆ ಮಾಡಯ್ಯ” ಎನ್ನುತ್ತಿದ್ದರು. ಬೈಸಿಕೊಂಡರೆ ಅದು ಸಂಜೆಗೆ ಮರೆತುಹೋಗುತ್ತದೆ. ಅವರ ಆ ಮಾತು ವಾರಗಟ್ಟಲೆ ಕೊರೆಯುತ್ತಿತ್ತು.

ಏರಿನ ಕಾಟಕ್ಕೆ ಪರಿಹಾರ ತಂದವರೂ ಅವರೇ. ಯಾವುದೋ ವಿಲಾಯಿತಿ ಪತ್ರಿಕೆ ಹಿಡಿದು ಬಂದು, “ಆಚಾರಿ, ಇಂಜಿನ್ನಿಗೆ ಇರೋ ಗಾಳಿ ಸಾಲದು, ನಾವು ಮೇಲಿಂದ ತುಂಬಬೇಕು. ಅದಕ್ಕೆ ಎರಡು ದಾರಿ ಇದೆ ನೋಡು” ಎಂದು ನೆಲದ ಮೇಲೆ ಇದ್ದಿಲಲ್ಲೇ ಚಿತ್ರ ಬರೆದರು. ಒಂದು, ಬೆಲ್ಟಿನಿಂದ ತಿರುಗುವ ಊದುಗ. ಇನ್ನೊಂದು, ಹೊಗೆಯಿಂದ ತಿರುಗುವ ಚಕ್ರ. ಅವರ ಮನಸ್ಸೆಲ್ಲ ಹೊಗೆಯ ಚಕ್ರದ ಮೇಲೆ. “ಬಿಸಾಡೋ ಹೊಗೆ ಕೈಲಿ ಕೆಲಸ ಮಾಡಿಸೋದು ಕಣಯ್ಯ! ಇದಕ್ಕಿಂತ ಧರ್ಮ ಉಂಟೇ?” ಎಂದು ಮಗುವಿನ ಹಾಗೆ ನಕ್ಕರು. ನಾನು ಆ ನಗುವಿಗೆ ಸೋತು ಒಪ್ಪಿದೆ.

ಆ ಚಕ್ರದ ಒಂದೊಂದು ಎಲೆಯನ್ನೂ ಅರದಲ್ಲಿ ಉಜ್ಜಿ ಮಾಡಿದ್ದು ನಾನು. ಎರಡು ತಿಂಗಳು ಹಿಡಿಯಿತು. ಸೈಲೆನ್ಸರಿನ ಬಾಯಿಗೆ ಕೂರಿಸಿ ಹೊರಟೆವು. ಬಯಲಲ್ಲಿ ಅದು ಮಲಗಿತ್ತು. ಏರಿನಲ್ಲೂ ಮಲಗಿತ್ತು. ಜನ ಇಳಿದು, ತಳ್ಳಿ, ಬಸ್ಸು ನೆತ್ತಿ ದಾಟಿ ಆಚೆ ಕಡೆ ಇಳಿಯತೊಡಗಿದ ಮೇಲೆ ಚಕ್ರ ಎಚ್ಚೆತ್ತು ಕುಂಯ್ಯೆಂದು ಹಾಡತೊಡಗಿತು. ಬುಡೇನ್‌ಸಾಬ್ ಸ್ಟೇರಿಂಗ್ ಬಿಟ್ಟು ಕೈಮುಗಿದ. “ಸ್ವಾಮೇರೆ, ಊಟ ಮುಗಿದ್ಮ್ಯಾಗೆ ಉಪ್ಪಿನ್ಕಾಯಿ ಬಂತು!” ಮೂರನೆಯ ದಿನ ಅದರ ಬೇರಿಂಗು ಕಾದು ಕೆಂಪಾಗಿ ಕಚ್ಚಿಕೊಂಡಿತು. ಶ್ರೀಕಂಠಯ್ಯನವರು ಸುಟ್ಟ ಚಕ್ರವನ್ನು ಗೋಣಿತಾಟಿನಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. “ನಮ್ಮ ಲೋಹ ಸಾಲದು, ಎಣ್ಣೆ ಸಾಲದು. ಯೋಚನೆ ತಪ್ಪಲ್ಲ” ಎಂದರು. ಈಗ ಹೈವೇ ಮೇಲೆ ಶಿಳ್ಳೆ ಹಾಕುತ್ತ ಹೋಗುವ ಟರ್ಬೋ ಲಾರಿಗಳನ್ನು ಕಂಡಾಗಲೆಲ್ಲ, ಇದನ್ನು ಕೇಳಲು ಅವರಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಉಳಿದದ್ದು ಬೆಲ್ಟಿನ ದಾರಿ. ಮುಚ್ಚಿಹೋದ ಒಂದು ಗಿರಣಿಯ ಗುಜರಿಯಿಂದ ಊದುಗ ತಂದರು. ಅದರ ಪೆಟ್ಟಿಗೆಯೊಳಗೆ ಎರಡು ರೆಕ್ಕೆಗಳು ಒಂದನ್ನೊಂದು ಸವರಿಕೊಂಡು ತಿರುಗುತ್ತಿದ್ದವು. ಅದನ್ನು ಬಾನೆಟ್ಟಿನೊಳಗೆ, ಗ್ಯಾಸಿನ ದಾರಿಯ ಕೊನೆಯಲ್ಲಿ ಕೂರಿಸಿದೆವು. ಊದುಗ ಹಿಂದಿನಿಂದ ಗ್ಯಾಸನ್ನು ಎಳೆದು ಇಂಜಿನ್ನಿಗೆ ತುರುಕುತ್ತಿತ್ತು. ಬಸ್ಸು ಏರಿತು, ನಿಜ. ಆದರೆ ಶೋಧಕದಿಂದ ತಪ್ಪಿಸಿಕೊಂಡು ಬಂದ ಬೂದಿ, ಟಾರು ರೆಕ್ಕೆಗಳಿಗೆ ಮೆತ್ತಿ ವಾರದೊಳಗೆ ಊದುಗ ಸಿಕ್ಕಿಕೊಂಡಿತು. ತೊಳೆದೆವು. ಮತ್ತೆ ವಾರಕ್ಕೆ ಅದೇ ಹಾಡು.

ಆಗ ನನ್ನೊಳಗಿನ ಕಮ್ಮಾರ ಎದ್ದು ಕೂತ. “ಸ್ವಾಮಿ, ನಾವು ತಲೆಕೆಳಗು ಮಾಡ್ತಾ ಇದೀವಿ. ಯಾವ ಕುಲುಮ್ಯಾಗಾದ್ರೂ ತಿದಿ ಬೆಂಕಿಯಿಂದ ಹೊಗೆ ಎಳೀತದಾ? ತಿದಿ ಬೆಂಕಿಗೆ ಊದ್ತದೆ. ಊದುಗ ಬೆಂಕಿಗಿಂತ ಮುಂಚೆ ಇರ್ಲಿ. ಚೊಕ್ಕ ಗಾಳಿ ತಗಂಡು ಡ್ರಮ್ಮಿಗೆ ತಳ್ಳಲಿ. ಬೂದಿ ಅದನ್ನ ಮುಟ್ಟೋದೇ ಇಲ್ಲ.”

ಶ್ರೀಕಂಠಯ್ಯನವರು ಪೆನ್ಸಿಲು ಕಿವಿಯಿಂದ ತೆಗೆದರು, ಮತ್ತೆ ಇಟ್ಟರು. “ಇದನ್ನ ಇನ್ನೊಂದ್ಸಲ ಯೋಚನೆ ಮಾಡಯ್ಯ. ಈಗ ಇಂಜಿನ್ನು ಎಳೀತಾ ಇದೆ. ಎಲ್ಲಾದ್ರೂ ಬಿರುಕು ಬಿಟ್ರೆ ಹೊರಗಿನ ಗಾಳಿ ಒಳಗೆ ಹೋಗುತ್ತೆ, ಅಷ್ಟೆ. ತಳ್ಳೋಕೆ ಶುರು ಮಾಡಿದ್ರೆ ಅದೇ ಬಿರುಕಿನಿಂದ ಒಳಗಿನ ಗ್ಯಾಸು ಹೊರಗೆ ಬರುತ್ತೆ. ಅದು ವಿಷ.”

ಮಾತು ಸರಿಯಾಗಿತ್ತು. ಆ ಡ್ರಮ್ಮಿನ ಮುಚ್ಚಳದ ಸಂದಿಗೆ ಆಗ ನಾವು ಮೆತ್ತುತ್ತಿದ್ದದ್ದು ಸಗಣಿ ಬೆರೆಸಿದ ಮಣ್ಣು, ಅದು ಕಾದಂತೆ ಬಿರಿಯುತ್ತಲೇ ಇತ್ತು. ಆದರೆ ನನ್ನ ಹತ್ತಿರ ಉತ್ತರವಿತ್ತು. ನಮ್ಮ ಸೀಮೆಯಲ್ಲಿ ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದರು, ನೆಲದೊಳಗೆ ತೋಡಿದ ಕಣಜದಲ್ಲಿ. ವರ್ಷಗಟ್ಟಲೆ ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಬಾಯಿ ತೆಗೆದೊಡನೆ ಇಳಿದವನು ಹೆಣವಾಗಿ ಮೇಲೆ ಬರುತ್ತಾನೆ. ಆದ್ದರಿಂದ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುವುದು. ದೀಪ ಆರಿದರೆ ಯಾರೂ ಇಳಿಯಬಾರದು. ಆರದಿದ್ದರೆ ಇಳಿಯಬಹುದು. ಇದು ನಮ್ಮ ಕಡೆ ಹಾಲುಗಲ್ಲದ ಕೂಸಿಗೂ ಗೊತ್ತು.

“ಹಿಂದಿನ ಸೀಟಿನ ಕೆಳಗೆ ದೀಪ ಹಿಡಿದು ನೋಡಾಣ ಸ್ವಾಮಿ. ಕೆಟ್ಟ ಗಾಳಿ ಇದ್ರೆ ದೀಪ ಉಳಿಯಾಕಿಲ್ಲ” ಎಂದೆ. ಹಗೇವಿನ ವಿಚಾರ ಅವರಿಗೆ ಹೊಸದು. ಕುತೂಹಲದಿಂದ ಕೇಳಿದರು. ಊದುಗವನ್ನು ಬಸ್ಸಿನ ಕೆಳಗೆ ಕೂರಿಸಿ, ನಿಂತ ಬಸ್ಸಿನಲ್ಲೇ ಡ್ರಮ್ಮು ಊದಿಸಿ ಬುಡ್ಡಿದೀಪ ಹಿಡಿದೆವು. ಅದು ಅಲುಗದೆ ಉರಿಯಿತು. “ಅನುಭವದ ಮಾತು. ನಾನು ಓದಿದ್ದಕ್ಕಿಂತ ಅದು ದೊಡ್ಡದು” ಎಂದು ಅವರು ಒಪ್ಪಿದರು. ಆ ದಿನ ನಾನು ಎಷ್ಟು ಉಬ್ಬಿದ್ದೆನೆಂದರೆ, ಓದಿದವರನ್ನು ಸೋಲಿಸಿದ್ದನ್ನು ಮನೆಗೆ ಹೋಗಿ ಹೆಂಡತಿಗೆ ಎರಡು ಸಲ ಹೇಳಿದೆ.

ಬಸ್ಸು ಮಾರಿಕಣಿವೆಯ ಏರನ್ನು ಯಾರೂ ಇಳಿಯದೆ ಹತ್ತಿತು. ಜನ ಸಿಳ್ಳೆ ಹೊಡೆದರು. ಅದಕ್ಕೆ ‘ಆಚಾರಿ ತಿದಿ’ ಎಂದು ಹೆಸರಾಯಿತು. ಗಾಳಿ ಬಂದಾಗ ತೂರಿಕೋ ಎನ್ನುತ್ತಾರಲ್ಲ, ಸಾಹುಕಾರರು ಬಸ್ಸಿನೊಳಗೆ ಇನ್ನೊಂದು ಅಡ್ಡ ಹಲಗೆ ಹಾಕಿಸಿ ಹೆಚ್ಚು ಜನ ಕೂರಿಸಿದರು. ಕಿಟಕಿಗಳಿಗೆ ಚಳಿಗಾಲವೆಂದು ಗೋಣಿತಾಟು ಇಳಿಬಿಡಿಸಿದರು.

ಹಿಂದಿನ ಸೀಟಿನ ಮೂಲೆ ಮೈಲಾರಜ್ಜನದು. ಜವನಗೊಂಡನಹಳ್ಳಿಯ ಕುರುಬರ ಮುದುಕ. ತನ್ನ ಕುರಿಯ ಉಣ್ಣೆಯಲ್ಲಿ ತಾನೇ ನೇಯ್ದ ಕಂಬಳಿಗಳನ್ನು ಹೊಸದುರ್ಗದ ಸಂತೆಗೆ ಒಯ್ಯುತ್ತಿದ್ದ. ಡ್ರಮ್ಮಿನ ಕಾವು ಬೆನ್ನಿಗೆ ಹಿತವಾಗಿರುತ್ತದೆಂದು ಅಲ್ಲೇ ಕೂರುತ್ತಿದ್ದ. ಹತ್ತುವಾಗ ಪ್ರತಿ ಸಲವೂ ನನ್ನನ್ನು ಕೆಣಕುತ್ತಿದ್ದ. “ಏನಪ್ಪ ಆಚಾರಿ, ನಿನ್ ಒಲಿ ಬೆಚ್ಚಗೈತಾ? ರೊಟ್ಟಿ ತಟ್ಟಾಣೇನು?”

ಆ ದಿನವೂ ಹಾಗೇ ಅಂದು ಹತ್ತಿದ. ನಾನು ಮುಂದೆ ಬುಡೇನ್‌ಸಾಬ್ ಪಕ್ಕ ಕೂತು ಬೆಲ್ಟಿನ ಸದ್ದಿಗೆ ಕಿವಿ ಕೊಟ್ಟಿದ್ದೆ. ಏರಿನ ನೆತ್ತಿಯಲ್ಲಿ ಕೆಂಡ ಕೆದಕಲು ನಿಂತೆವು. ಹಿಂದಿನ ಸಾಲಿನವರು ತಲೆನೋವೆಂದು ಇಳಿದರು. ಒಬ್ಬ ಹೆಂಗಸು ವಾಂತಿ ಮಾಡಿಕೊಂಡಳು. “ಆಕೆಗೆ ಬಸ್ಸು ಆಗಿಬರಾಕಿಲ್ಲ” ಎಂದರು ಜೊತೆಯವರು. ಅಜ್ಜ ಮಾತ್ರ ಕಂಬಳಿ ಗಂಟಿಗೆ ಒರಗಿ ಮಲಗಿದ್ದ. ಮುಖ ಎಣ್ಣೆನೀರು ಹಾಕಿಸಿಕೊಂಡವನ ಹಾಗೆ ಕೆಂಪಗೆ ಕಳೆಯಾಗಿತ್ತು. ಕಂಡಕ್ಟರ್ ಅವನ ಭುಜಕ್ಕೆ ಕೈ ಹಾಕಿದ.

“ಮಲಗ್ಲಿ ಬಿಡ್ರಿ, ಪಾಪ. ಎಬ್ಬಿಸಬ್ಯಾಡ್ರಿ” ಎಂದವನು ನಾನು.

ಆದರೂ ಮನಸ್ಸು ಒಪ್ಪದೆ ಬುಡ್ಡಿದೀಪ ಹಚ್ಚಿ ಅಜ್ಜನ ಕಾಲ ಬಳಿ ಹಿಡಿದೆ, ಎದೆಯ ಹತ್ತಿರ ಹಿಡಿದೆ, ಮುಚ್ಚಳದ ಪಕ್ಕದ ಹಲಗೆಯ ಸಂದಿಗೂ ಹಿಡಿದೆ. ಎಲ್ಲೂ ಆರಲಿಲ್ಲ. ಸಂದಿಯ ಹತ್ತಿರ ತುಸು ಎದ್ದು ಉರಿದ ಹಾಗೂ ಕಂಡಿತು. ಸಮಾಧಾನವಾಗಿ, “ಏನಿಲ್ಲ, ಹೋಗಾಣ” ಎಂದೆ. ವಾಂತಿ ಮಾಡಿದ ಹೆಂಗಸಿಗೆ ಮುಂದೆ ಜಾಗ ಕೊಟ್ಟರು. ಅಜ್ಜ ಅಲ್ಲೇ ಉಳಿದ.

ಹೊಸದುರ್ಗದಲ್ಲಿ ಅವನು ಏಳಲಿಲ್ಲ. ಬುಡೇನ್‌ಸಾಬ್ ಅವನನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ನಾನು ಕಂಬಳಿ ಗಂಟು ಹೊತ್ತುಕೊಂಡು ಹಿಂದೆ ಓಡಿದೆ. ಯಾಕೆ ಹೊತ್ತೆನೋ ತಿಳಿಯದು. ಡಾಕ್ಟರು ಅಜ್ಜನನ್ನು ಗಾಳಿ ಬೀಸುವ ಜಗಲಿಯ ಮೇಲೆ ಹಾಕಿಸಿ, ಎದೆ ಒತ್ತಿಸಿ, ಉಸಿರು ನಿಂತು ನಿಂತು ಬರುವುದನ್ನು ಕಾಯತೊಡಗಿದರು. ನಾನು ದೀಪದ ವಿಷಯ ಹೇಳಿದೆ. ಮೂರು ಸಲ ಹೇಳಿದೆ. ಅವರು ತಲೆಯೆತ್ತಿ ನೋಡಿ ಮೆಲ್ಲಗೆ ಕೇಳಿದರು, “ನಿಮ್ಮ ಬಸ್ಸು ಯಾವುದರಿಂದ ಓಡುತ್ತೆ ಮಿಸ್ತ್ರಿ?”

“ಇದ್ದಿಲ ಗ್ಯಾಸಿಂದ.”

“ಆ ಗ್ಯಾಸು ಇಂಜಿನ್ನಿನಲ್ಲಿ ಉರಿಯುತ್ತೆ ತಾನೆ? ಉರಿಯೋ ಗಾಳಿ ದೀಪನ ಯಾಕಯ್ಯ ಆರಿಸುತ್ತೆ?”

ದಿನಕ್ಕೆರಡು ಸಲ ಆ ಗ್ಯಾಸಿಗೆ ಕಡ್ಡಿ ಗೀರಿ, ನೀಲಿ ಉರಿ ಬಂದ ಮೇಲೆಯೇ ಬಸ್ಸು ಹೊರಡಿಸುತ್ತಿದ್ದವನು ನಾನು. ಹಗೇವಿನ ಗಾಳಿ ದೀಪ ಆರಿಸುವ ಗಾಳಿ, ನನ್ನದು ದೀಪ ಉರಿಸುವ ಗಾಳಿ. ಇಷ್ಟು ಹೊಳೆಯಲಿಲ್ಲ. ಜಗಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಅತ್ತೆ. ಅದನ್ನು ಇಲ್ಲಿ ಬರೆಯಲು ನನಗೆ ನಾಚಿಕೆಯಿಲ್ಲ.

ಮಾರನೆಯ ದಿನ ಮಧ್ಯಾಹ್ನ ಅಜ್ಜ ಕಣ್ಣು ತೆರೆದ. ಬದುಕಿದ. ಆದರೆ ತನ್ನ ಊರಿನ ಹೆಸರು ಹೇಳಲು ತಡವರಿಸಿದ. ಕಿರಿಯ ಮಗಳು ಎದುರು ನಿಂತರೆ ಯಾರೆಂದು ಕೇಳಿದ. ದಿನ ಕಳೆದಂತೆ ಸರಿಹೋದೀತು, ಹೋಗದೆಯೂ ಇದ್ದೀತು ಎಂದರು ಡಾಕ್ಟರು.

ಸಾಹುಕಾರರು ವಿಚಾರಿಸಲು ಕೂತರು. ನಾನು ಬಾಯಿ ತೆರೆಯುವ ಮೊದಲೇ ಶ್ರೀಕಂಠಯ್ಯನವರು, “ಅದು ನನ್ನ ಒಪ್ಪಿಗೆ ಮೇಲೆ ಆದದ್ದು. ನನಗೆ ಗೊತ್ತಿತ್ತು, ಆದರೂ ಒಪ್ಪಿದೆ” ಎಂದರು. ಸಾಹುಕಾರರಿಗೆ ಊದುಗ ಬಿಡಲು ಮನಸ್ಸಿಲ್ಲ. “ಮಣ್ಣು ಇನ್ನೊಂದೀಟು ದಪ್ಪ ಮೆತ್ತಿದ್ರಾಯ್ತಪ್ಪ, ಅದ್ಕೇನು” ಎಂದರು. ಶ್ರೀಕಂಠಯ್ಯನವರು ಕೋಟು ಬಿಚ್ಚಿ ಮೊಳೆಗೆ ಸಿಕ್ಕಿಸಿ, ಸ್ಪ್ಯಾನರು ಹಿಡಿದು ಬಸ್ಸಿನ ಕೆಳಗೆ ನುಗ್ಗಿದರು. ಅವರು ಬಸ್ಸಿನ ಕೆಳಗೆ ಹೋದದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ನಾನು ಇನ್ನೊಂದು ಕಡೆಯಿಂದ ನುಗ್ಗಿದೆ. ಇಬ್ಬರೂ ಸೇರಿ ಆಚಾರಿ ತಿದಿಯನ್ನು ಬಿಚ್ಚಿ ಹಾಕಿದೆವು. ಕೊನೆಯ ಬೋಲ್ಟು ತೆಗೆಯುವಾಗ ಅವರೆಂದರು, “ನಿಮ್ಮ ದೀಪ ಸುಳ್ಳಲ್ಲ ಆಚಾರಿ. ನಾವು ಅದನ್ನ ಅದರದಲ್ಲದ ಪ್ರಶ್ನೆ ಕೇಳಿದ್ವಿ.”

ನಾನು ಜವನಗೊಂಡನಹಳ್ಳಿಗೆ ಹೋದೆ. ಅಜ್ಜನಿಗೆ ವಯಸ್ಸಾಗಿತ್ತು, ಚಳಿ ತಡೆಯಲಿಲ್ಲ ಎಂದು ಹೇಳಿಬಿಡು ಎಂದು ಮಂಡಿಯವರು ಕಲಿಸಿ ಕಳಿಸಿದ್ದರು. ಅಜ್ಜ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂತಿದ್ದ. ಅವನ ಹೆಂಡತಿ ನಿಂಗಮ್ಮ ನನಗೆ ಮಜ್ಜಿಗೆ ಕೊಟ್ಟಳು. ಕುಡಿಯಲಾಗಲಿಲ್ಲ. ತಿದಿ, ಬಿರುಕು, ದೀಪ, ಎಬ್ಬಿಸಬೇಡಿ ಎಂದದ್ದು, ಎಲ್ಲ ಹೇಳಿದೆ. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ದೀಪ ಹಿಡಿದು ನೋಡಿದ್ಯಾ?” ಎಂದು ಕೇಳಿದಳು.

“ನೋಡಿದೆ ಅವ್ವ.”

“ನಾನಿದ್ರೂ ಅದ್ನೇ ಮಾಡ್ತಿದ್ದೆ ಬಿಡಪ್ಪ” ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ಮೆಕ್ಯಾನಿಕ್ ಮಹಾರಾಯ, ನಿನ್ನ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ನಿನ್ನ ಗಿರಾಕಿಗೆ ನಿಂತಲ್ಲಿಂದಲೇ ಎಳೆತ ಬೇಕಾದರೆ ಬೆಲ್ಟಿನದು ಹಾಕು. ಒಂದೇ ಸಮನೆ ದೂರ ಓಡುವವನಾದರೆ ಟರ್ಬೋ ಹಾಕು, ಗಾಡಿ ನಿಲ್ಲಿಸಿದ ಮೇಲೂ ತುಸು ಹೊತ್ತು ಇಂಜಿನ್ನು ಆಡಲು ಬಿಡಬೇಕೆಂದು ಹೇಳು, ಇಲ್ಲವಾದರೆ ಬೇರಿಂಗಿನ ಎಣ್ಣೆ ಸೀದುಹೋಗುತ್ತದೆ. ಆದರೆ ಎಷ್ಟು ಬಲ ಬರುತ್ತದೆಂದು ಕೇಳುವ ಮೊದಲು, ಕೆಟ್ಟರೆ ಅದು ಯಾವ ಕಡೆಗೆ ಸೋರುತ್ತದೆ, ಆ ಕಡೆ ಯಾರು ಕೂತಿದ್ದಾರೆ ಎಂದು ಕೇಳು. ಮತ್ತು ಒಂದು ಕೆಲಸದ ಪರೀಕ್ಷೆಯನ್ನು ಇನ್ನೊಂದಕ್ಕೆ ಒಡ್ಡಿ ಪಾಸಾಯಿತೆಂದು ಮನೆಗೆ ಹೋಗಿ ಮಲಗಬೇಡ. ನಿನ್ನ ಕೈಯಲ್ಲಿ ಈಗ ಮೀಟರುಗಳಿವೆ. ಪ್ರತಿಯೊಂದು ಮೀಟರೂ ಯಾವುದೋ ಒಂದು ಹಗೇವಿನ ದೀಪವೇ.

ಬಸ್ಸು ಮತ್ತೆ ಹಳೆಯ ಹಾಗೆ ಏದುಸಿರು ಬಿಡುತ್ತ ಓಡತೊಡಗಿತು. ಜನ ಮತ್ತೆ ಬೈಯುತ್ತ ತಳ್ಳತೊಡಗಿದರು. ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮೈಲಾರಜ್ಜ ಎರಡೇ ಎರಡು ಕಂಬಳಿ ಹಿಡಿದು ಬಂದ. ನೇಯ್ಗೆ ಕೈಗೆ ಅಲ್ಪಸ್ವಲ್ಪ ಮರಳಿತ್ತು. ಮಗಳ ಹೆಸರು ಒಂದು ದಿನ ನೆನಪಿರುತ್ತದೆ, ಒಂದು ದಿನ ಇಲ್ಲ ಎಂದು ಜೊತೆಗೆ ಬಂದವರು ಹೇಳಿದರು. ನಾನು ಮುಂದಿನ ಸೀಟು ತೋರಿಸಿ, “ಇಲ್ಲಿ ಕುಂತ್ಕ ಬಾರಜ್ಜ” ಎಂದೆ. ಅವನು ನನ್ನನ್ನು ಗುರುತಿಸಿದನೋ ಇಲ್ಲವೋ. ನೆಟ್ಟಗೆ ಹಿಂದೆ ಹೋಗಿ ಮೂಲೆಯಲ್ಲಿ ಕೂತು ಬೆನ್ನನ್ನು ಕಾವಿಗೆ ಕೊಟ್ಟ.

ಹೋಗಿ ಪಕ್ಕದಲ್ಲಿ ಕೂತೆ. ಊದುಗ ಇರಲಿಲ್ಲ. ಇಂಜಿನ್ನು ಎಳೆಯುತ್ತಿತ್ತು, ತಳ್ಳುವುದು ಯಾವುದೂ ಇರಲಿಲ್ಲ, ತಾಟುಗಳನ್ನು ನಾನೇ ಕಿತ್ತು ಹಾಕಿದ್ದೆ. ಭಯಪಡಲು ಕಾರಣವೇ ಇಲ್ಲವೆಂದು ನನ್ನ ವಿದ್ಯೆಗೆ ಚೆನ್ನಾಗಿ ಗೊತ್ತಿತ್ತು. ಊರು ದಾಟುತ್ತಲೇ ಅಜ್ಜನ ತಲೆ ತೂಗಿತು, ಕಣ್ಣು ಮುಚ್ಚಿತು. ನಾನು ಅವನ ಮೊಣಕಾಲು ಅಲುಗಿಸಿದೆ. ಕಣ್ಣು ಬಿಟ್ಟ. ಇನ್ನೊಂದು ಮೈಲಿ ಹೋಗುವಷ್ಟರಲ್ಲಿ ಮತ್ತೆ ಮುಚ್ಚಿದ. ಮತ್ತೆ ಅಲುಗಿಸಿದೆ. ಮಾರಿಕಣಿವೆ ಬರುವ ತನಕ ಎಷ್ಟು ಸಲ ಎಬ್ಬಿಸಿದೆನೋ ಲೆಕ್ಕವಿಲ್ಲ.

ಕೊನೆಗೆ ಅವನಿಗೆ ರೇಗಿತು. “ಏನಪ್ಪ ನೀನು, ಒಂದೀಟು ನಿದ್ದಿ ಮಾಡಾಕೂ ಬಿಡಾಕಿಲ್ವಾ?”

“ಇಲ್ಲಜ್ಜ, ಬಿಡಾಕಿಲ್ಲ” ಎಂದೆ.